ಫುಟ್‌ಬಾಲ್ ಎಲ್ಲಿಗಾದರೂ ಹೋಗಲಿ, ಉಳಿದ ಮಕ್ಕಳು ಹತ್ತಿರದಲ್ಲೇ ಆಡಲಿ

ಅಮೆರಿಕದ ಪಶ್ಚಿಮದ ಕಾಲೇಜುಗಳ ಕ್ರೀಡಾ ಗುಂಪಾದ ಪ್ಯಾಕ್-12 ಬಿಟ್ಟು ಹೋದ ಹತ್ತು ವಿಶ್ವವಿದ್ಯಾಲಯಗಳ ಅಧ್ಯಕ್ಷರಿಗೆ ಮತ್ತು ಚಾನ್ಸಲರ್‌ಗಳಿಗೆ,

ನಮಸ್ಕಾರ.

ನೀವು ವಾಪಸ್ ಬನ್ನಿ ಅಂತ ಕೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಆ ಮಾತು ಮುಗಿಯಿತು. ನಾನು ಕೇಳುವುದು ಒಂದೇ. ನಿಮ್ಮ ಅಮೆರಿಕನ್ ಫುಟ್‌ಬಾಲ್ ತಂಡವನ್ನು ಟಿವಿ ಕಂಪನಿ ಎಲ್ಲಿಗೆ ಕರೆಯುತ್ತದೋ ಅಲ್ಲಿಗೆ ಕಳಿಸಿ. ಆದರೆ ವಾಲಿಬಾಲ್, ಸಾಫ್ಟ್‌ಬಾಲ್, ಸಾಕರ್, ಟೆನಿಸ್, ಈಜು, ಅಥ್ಲೆಟಿಕ್ಸ್‌ನ ಹುಡುಗ ಹುಡುಗಿಯರನ್ನು ಪಶ್ಚಿಮದ ರಾಜ್ಯಗಳಲ್ಲೇ ಆಡಲು ಬಿಡಿ. ನಿಮ್ಮಲ್ಲಿ ನಾಲ್ವರು ಸೇರಿಕೊಂಡ ಬಿಗ್ ಟೆನ್ ಗುಂಪಿನ ಈಗಿನ ಟಿವಿ ಒಪ್ಪಂದ 2030ಕ್ಕೆ ಮುಗಿಯುತ್ತದೆ. ಮುಂದಿನದಕ್ಕೆ ಸಹಿ ಹಾಕುವ ಮುಂಚೆ ಈ ಒಂದು ಷರತ್ತನ್ನು ಸೇರಿಸಿ.

ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ಸಿಯಾಟಲ್, ಬೇ ಏರಿಯಾ, ಫೀನಿಕ್ಸ್ ಸುತ್ತಮುತ್ತ ಕನ್ನಡ ಮಾತಾಡುವ ಮನೆಗಳು ಸಾಕಷ್ಟಿವೆ. ಆ ಮನೆಗಳ ಮಕ್ಕಳು ನಿಮ್ಮ ಕ್ಯಾಂಪಸ್‌ಗಳಲ್ಲಿ ಓದುತ್ತಾರೆ. ಬೆಂಗಳೂರು, ಮೈಸೂರು, ದಾವಣಗೆರೆ ಕಡೆಯಿಂದ ಎಂಎಸ್ ಮಾಡಲು ಬರುವವರು ಸಾಲ ಮಾಡಿ ನಿಮಗೆ ಫೀಸು ಕಟ್ಟುತ್ತಾರೆ. ಅವರಿಗೂ ಈ ವಿಷಯ ಗೊತ್ತಿರಲಿ. ನಿಮಗೆ ಅನುವಾದ ಬೇಕಾದರೆ ನಿಮ್ಮ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಒಮ್ಮೆ ಕೂಗಿ ನೋಡಿ, ಯಾರಾದರೂ ಓಗೊಡುತ್ತಾರೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಪುಲ್‌ಮನ್‌ನಲ್ಲಿ ಓದಿದವನು. ನೀವು ಬಿಟ್ಟು ಹೋದ ಎರಡು ವಿಶ್ವವಿದ್ಯಾಲಯಗಳಲ್ಲಿ ಒಂದಾದ ವಾಷಿಂಗ್ಟನ್ ಸ್ಟೇಟ್ ಇರುವುದು ಆ ಊರಿನಲ್ಲಿ. ಹಾಗಾಗಿ ಪಕ್ಷಪಾತ ಇದ್ದೇ ಇದೆ. ಅದನ್ನು ಲೆಕ್ಕಕ್ಕೆ ಹಿಡಿದೇ ಓದಿ.

ನಮ್ಮ ಊರಿನ ಓದುಗರಿಗೆ ಸ್ವಲ್ಪ ಹಿನ್ನೆಲೆ ಬೇಕು. ಅಮೆರಿಕದಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಇಲ್ಲ. ಒಲಿಂಪಿಕ್ಸ್‌ಗೆ ಹೋಗುವ ಈಜುಗಾರರು, ಓಟಗಾರರಲ್ಲಿ ದೊಡ್ಡ ಪಾಲು ತಯಾರಾಗುವುದು ಕಾಲೇಜುಗಳಲ್ಲೇ. ಕೆಲವು ಕಾಲೇಜುಗಳು ಸೇರಿ ಒಂದು ಗುಂಪು ಮಾಡಿಕೊಂಡು ಸೀಸನ್ ಪೂರ್ತಿ ತಮ್ಮತಮ್ಮಲ್ಲೇ ಆಡುತ್ತವೆ. ಅದೇ ಕಾನ್ಫರೆನ್ಸ್. ಟಿವಿ ಹಕ್ಕು ಮಾರುವುದು, ಬಂದ ಹಣ ಹಂಚುವುದು ಎಲ್ಲ ಅದರ ಕೆಲಸ. ಆ ಹಣದಲ್ಲಿ ಬಹುಪಾಲು ಬರುವುದು ಅಮೆರಿಕನ್ ಫುಟ್‌ಬಾಲ್‌ನಿಂದ. ಅಂದರೆ ಹೆಲ್ಮೆಟ್ ಹಾಕಿಕೊಂಡು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಆಟದಿಂದ.

ಮೊದಲು ಹೀಗಿರಲಿಲ್ಲ. ಕಾಲೇಜು ಫುಟ್‌ಬಾಲ್‌ನ ಟಿವಿ ಪ್ರಸಾರವನ್ನು ಎನ್‌ಸಿಎಎ ಅನ್ನುವ ರಾಷ್ಟ್ರಮಟ್ಟದ ಸಂಸ್ಥೆ ಒಂದೇ ಕೈಯಲ್ಲಿ ಹಿಡಿದುಕೊಂಡಿತ್ತು. 1984ರಲ್ಲಿ ಸುಪ್ರೀಂ ಕೋರ್ಟ್ 7-2 ಬಹುಮತದಿಂದ ಆ ಏಕಸ್ವಾಮ್ಯ ಮುರಿಯಿತು. ಅವತ್ತು ಭಿನ್ನಮತ ಬರೆದ ನ್ಯಾಯಮೂರ್ತಿ ಬೈರನ್ ವೈಟ್. ಅವರು ಸ್ವತಃ ಕೊಲರಾಡೋ ವಿಶ್ವವಿದ್ಯಾಲಯದ ಫುಟ್‌ಬಾಲ್ ತಾರೆಯಾಗಿದ್ದವರು. ಕಾಲೇಜು ಆಟವನ್ನು ಬರೀ ವ್ಯಾಪಾರದ ಕಣ್ಣಿನಿಂದ ನೋಡಬಾರದು ಅನ್ನುವುದು ಅವರ ವಾದದ ಸಾರ. ಕಾನೂನಿನ ಪ್ರಕಾರ ಬಹುಮತವೇ ಸರಿ ಇರಬಹುದು. ಆದರೆ ಆ ಇಬ್ಬರ ಮಾತು ಈಗ ಓದಿದರೆ ಬೇರೆಯದೇ ಥರ ಕೇಳಿಸುತ್ತದೆ.

ನಿಮ್ಮ ಕಥೆಗೆ ಬರೋಣ. ಪ್ಯಾಕ್-12ರ ಬೇರು 1915ರದ್ದು. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಎರಡು ವಿಶ್ವವಿದ್ಯಾಲಯಗಳಾದ ಯುಎಸ್‌ಸಿ ಮತ್ತು ಯುಸಿಎಲ್‌ಎ ಬಿಗ್ ಟೆನ್‌ಗೆ ಹೋಗುತ್ತೇವೆ ಅಂದವು. ಲಾಸ್ ಏಂಜಲೀಸ್‌ನ ಟಿವಿ ಮಾರುಕಟ್ಟೆ ಕೈಬಿಟ್ಟ ಮೇಲೆ ಉಳಿದ ಹತ್ತಕ್ಕೆ ಹೊಸ ಒಪ್ಪಂದ ಬೇಕಿತ್ತು. ವರದಿಗಳ ಪ್ರಕಾರ ಕ್ರೀಡಾ ಚಾನೆಲ್ ಇಎಸ್‌ಪಿಎನ್ ಒಂದೊಂದು ವಿಶ್ವವಿದ್ಯಾಲಯಕ್ಕೆ ವರ್ಷಕ್ಕೆ ಸುಮಾರು 30 ಮಿಲಿಯನ್ ಡಾಲರ್ ಕೊಡಲು ತಯಾರಿತ್ತು. ನಿಮ್ಮ ಕಡೆಯಿಂದ 50 ಕೇಳಿದರು. ಮಾತುಕತೆ ಅಲ್ಲಿಗೇ ನಿಂತಿತು. ಒಂದು ವರ್ಷದ ನಂತರ ಮೇಜಿನ ಮೇಲೆ ಉಳಿದಿದ್ದು ಆ್ಯಪಲ್‌ನ ಸ್ಟ್ರೀಮಿಂಗ್ ಒಪ್ಪಂದ ಮಾತ್ರ. ಅದರಲ್ಲಿ ಖಚಿತ ಹಣ ಕಡಿಮೆ, ಚಂದಾದಾರರು ಜಾಸ್ತಿಯಾದರೆ ಹಣ ಜಾಸ್ತಿ.

2023ರ ಜುಲೈ 27ರಂದು ಕೊಲರಾಡೋ ಬಿಗ್ 12 ಅನ್ನುವ ಇನ್ನೊಂದು ಕಾನ್ಫರೆನ್ಸ್‌ಗೆ ಹೊರಟಿತು. ಆಗಸ್ಟ್ 4ರ ಒಂದೇ ದಿನ ಐದು ಹೋದವು. ಒರೆಗಾನ್, ವಾಷಿಂಗ್ಟನ್ ಬಿಗ್ ಟೆನ್‌ಗೆ. ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಗೆ. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ (ಎಸಿಸಿ) ಸೇರಿದವು. ಹೌದು, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಎರಡು ಕಾಲೇಜುಗಳು ಅಟ್ಲಾಂಟಿಕ್ ಕಡೆಯ ಕಾಲೇಜುಗಳ ಜೊತೆ. ಕೊನೆಗೆ ಉಳಿದವು ಎರಡು. ಕೊರ್ವಾಲಿಸ್‌ನ ಒರೆಗಾನ್ ಸ್ಟೇಟ್, ಪುಲ್‌ಮನ್‌ನ ವಾಷಿಂಗ್ಟನ್ ಸ್ಟೇಟ್.

ವಿಚಿತ್ರ ನೋಡಿ, ಆ ಕಡೆಯ ವರ್ಷ ಪ್ಯಾಕ್-12 ಫುಟ್‌ಬಾಲ್ ಎಷ್ಟೋ ವರ್ಷಗಳಲ್ಲಿ ಇಲ್ಲದಷ್ಟು ಚೆನ್ನಾಗಿತ್ತು. ಡಿಸೆಂಬರ್ 1ರ ಫೈನಲ್‌ನಲ್ಲಿ ವಾಷಿಂಗ್ಟನ್ ಒರೆಗಾನನ್ನು 34-31ರಿಂದ ಸೋಲಿಸಿ ಮುಂದೆ ರಾಷ್ಟ್ರೀಯ ಫೈನಲ್‌ವರೆಗೆ ಹೋಯಿತು. ಕಾನ್ಫರೆನ್ಸ್‌ನ ಕಪ್‌ಗಾಗಿ ಆಡಿದ ಆ ಎರಡೂ ತಂಡಗಳು ಆಗಲೇ ಬೇರೆ ಕಡೆ ಸಹಿ ಹಾಕಿಯಾಗಿತ್ತು.

ಹಳೆಯ ಪ್ಯಾಕ್-12ರಲ್ಲಿ ಒಂದು ಜಾಣ ಏರ್ಪಾಡಿತ್ತು. ಹನ್ನೆರಡು ಕಾಲೇಜುಗಳು ಆರು ಜೋಡಿ. ಬಾಸ್ಕೆಟ್‌ಬಾಲ್ ತಂಡ ಅರಿಜೋನಾಗೆ ಹೋದರೆ ಒಂದು ಪಂದ್ಯ ಟೂಸಾನ್‌ನಲ್ಲಿ, ಎರಡು ದಿನ ಬಿಟ್ಟು ಇನ್ನೊಂದು ಟೆಂಪಿಯಲ್ಲಿ, ಆಮೇಲೆ ಮನೆಗೆ. ಲಾಸ್ ಏಂಜಲೀಸ್‌ಗೆ ಹೋದರೆ ಒಂದೇ ಹೋಟೆಲಿನಲ್ಲಿ ಇದ್ದುಕೊಂಡು ಎರಡೂ ತಂಡಗಳ ಜೊತೆ ಆಡಬಹುದಿತ್ತು. ಪ್ರಯಾಣವೂ ಉಳಿಯುತ್ತಿತ್ತು, ಕ್ಲಾಸೂ ಉಳಿಯುತ್ತಿತ್ತು. ಈಗ ಆ ಆರು ಜೋಡಿಗಳ ಗತಿ ನೋಡಿ. ಯುಎಸ್‌ಸಿ ಮತ್ತು ಯುಸಿಎಲ್‌ಎ ಜೊತೆಯಾಗೇ ಹೋದವು. ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಜೊತೆಯಾಗೇ ಹೋದವು. ಅರಿಜೋನಾದ ಎರಡೂ ಜೊತೆ, ಯೂಟಾ ಮತ್ತು ಕೊಲರಾಡೋ ಕೊನೆಗೆ ಒಂದೇ ಕಡೆ ಸೇರಿದವು. ಮುರಿದಿದ್ದು ವಾಯವ್ಯದ ಎರಡು ಜೋಡಿ ಮಾತ್ರ. ಎರಡರಲ್ಲೂ ಹಿಂದೆ ಉಳಿದಿದ್ದು ಒಂದು ಕಾಲದಲ್ಲಿ ಕೃಷಿ ಕಾಲೇಜಾಗಿದ್ದದ್ದು, ದೊಡ್ಡ ಟಿವಿ ಮಾರುಕಟ್ಟೆಯಿಂದ ದೂರ ಇರುವುದು.

ಪುಲ್‌ಮನ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಿಯಾಟಲ್‌ನಿಂದ ಪೂರ್ವಕ್ಕೆ ಸುಮಾರು 460 ಕಿಲೋಮೀಟರ್. ಪಲೂಸ್ ಅನ್ನುವ ಗುಡ್ಡಗಾಡು. ಎಲ್ಲಿ ನೋಡಿದರೂ ಗೋಧಿ, ಮಸೂರ, ಕಡಲೆ. ಪ್ರತಿ ಆಗಸ್ಟ್‌ನಲ್ಲಿ ಅಲ್ಲಿ ಮಸೂರ ಬೇಳೆಯ ಹಬ್ಬವೇ ನಡೆಯುತ್ತದೆ. ಬೇಳೆ ಇಲ್ಲದೆ ಊಟ ಇಲ್ಲ ಅನ್ನುವ ನಮ್ಮಂಥವರಿಗೆ ಅದು ಒಂದು ಥರ ತವರು. ಯೂನಿವರ್ಸಿಟಿಯ ಡೈರಿಯಲ್ಲಿ ಡಬ್ಬಿಯಲ್ಲಿ ಹಾಕಿ ಮಾರುವ ಚೀಸ್‌ಗೆ ಊರೂರಿನಲ್ಲಿ ಅಭಿಮಾನಿಗಳಿದ್ದಾರೆ. ಊರಿನ ಜನ ಮೂವತ್ತು ಸಾವಿರದ ಆಸುಪಾಸು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ವಿದ್ಯಾರ್ಥಿಗಳೇ. ಶನಿವಾರ ಮ್ಯಾಚ್ ಇದ್ದರೆ ಮೋಟೆಲ್ ತುಂಬುತ್ತದೆ, ಹೋಟೆಲ್ ತುಂಬುತ್ತದೆ. ಮ್ಯಾಚ್ ಇಲ್ಲದಿದ್ದರೆ ಏನೂ ಇಲ್ಲ. ಸಿಯಾಟಲ್‌ಗೆ ಒಂದು ದೊಡ್ಡ ಎದುರಾಳಿ ಬರದಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಪುಲ್‌ಮನ್‌ಗೆ ಬರದಿದ್ದರೆ ಆ ಶರತ್ಕಾಲದ ವ್ಯಾಪಾರವೇ ಕುಸಿಯುತ್ತದೆ.

ಈ ಊರಿನವರ ಪ್ರೀತಿ ಎಂಥದ್ದು ಅಂದರೆ, ಇಎಸ್‌ಪಿಎನ್‌ನ ಶನಿವಾರದ ಫುಟ್‌ಬಾಲ್ ಕಾರ್ಯಕ್ರಮ ದೇಶದ ಯಾವ ಮೂಲೆಯಿಂದ ಪ್ರಸಾರವಾದರೂ ಹಿಂದೆ ಜನರ ನಡುವೆ ವಾಷಿಂಗ್ಟನ್ ಸ್ಟೇಟ್‌ನ ಬಾವುಟ ಹಾರುತ್ತದೆ. 2003ರಿಂದ ಒಂದು ವಾರವೂ ತಪ್ಪಿಲ್ಲ. ಹಳೆಯ ವಿದ್ಯಾರ್ಥಿಗಳು ಬಾವುಟವನ್ನು ಒಬ್ಬರಿಂದ ಒಬ್ಬರಿಗೆ ಪಾರ್ಸೆಲ್ ಮಾಡಿಕೊಂಡು ಇದನ್ನು ನಡೆಸಿಕೊಂಡು ಬಂದಿದ್ದಾರೆ. ಟಿವಿಯಲ್ಲಿ ಕಾಣಿಸಿಕೊಂಡರೆ ಟಿವಿಯವರಿಗೆ ಬೇಕಾಗುತ್ತೇವೆ ಅಂತ ನಾವು ಅಂದುಕೊಂಡಿದ್ದೆವೇನೋ, ಪಾಪ.

ನೀವು ಹೊರಟ ಮೇಲೆ ನಡೆದ ಕೋರ್ಟ್ ಪ್ರಸಂಗವಂತೂ ನಮ್ಮ ಕಡೆಯ ಆಸ್ತಿ ಪಾಲಿನ ಜಗಳದ ಹಾಗೇ ಇತ್ತು. ಮನೆ ಬಿಟ್ಟು ಹೋಗುವವರು ಹತ್ತು ಜನ. ಆದರೂ ಮನೆಯ ಗಂಟು ಏನು ಮಾಡಬೇಕು ಅಂತ ಓಟು ಹಾಕುವ ಹಕ್ಕು ತಮಗೂ ಇರಲಿ ಅಂದರು. ಪುಲ್‌ಮನ್ ಇರುವ ವಿಟ್‌ಮನ್ ಕೌಂಟಿಯ ಕೋರ್ಟು 2023ರ ನವೆಂಬರ್‌ನಲ್ಲಿ ಅದನ್ನು ಒಪ್ಪಲಿಲ್ಲ. ರಾಜ್ಯದ ಸುಪ್ರೀಂ ಕೋರ್ಟ್ ಮಧ್ಯೆ ಬರಲಿಲ್ಲ. ಕೊನೆಗೆ ರಾಜಿಯಾಗಿ ನೀವು ಹತ್ತೂ ಜನ ಸೇರಿ ಒಟ್ಟು 65 ಮಿಲಿಯನ್ ಡಾಲರ್ ಬಿಟ್ಟುಕೊಟ್ಟಿರಿ. ಆ ಹಣದಿಂದ, ಉಳಿದ ಗಂಟಿನಿಂದ ಎರಡು ವರ್ಷ ದೂಡಿದ್ದಾಯಿತು.

ಆದರೆ ನನಗೆ ಹೆದರಿಕೆ ಹುಟ್ಟಿಸುವುದು ಹಣ ಅಲ್ಲ, ಐಡಾಹೋ. ಪುಲ್‌ಮನ್‌ನಿಂದ ಹದಿಮೂರು ಕಿಲೋಮೀಟರ್ ಪೂರ್ವಕ್ಕೆ, ರಾಜ್ಯದ ಗಡಿ ದಾಟಿದರೆ ಮಾಸ್ಕೋ ಅನ್ನುವ ಊರಿದೆ. ಐಡಾಹೋ ವಿಶ್ವವಿದ್ಯಾಲಯ ಅಲ್ಲಿದೆ. ಎರಡು ಊರಿನ ನಡುವೆ ಸೈಕಲ್ ದಾರಿಯೇ ಇದೆ. ಒಂದು ಕಾಲದಲ್ಲಿ ಐಡಾಹೋ ಕೂಡ ನಿಮ್ಮ ಕಾನ್ಫರೆನ್ಸ್‌ನಲ್ಲೇ ಇತ್ತು. ಆಗ ಅದರ ಹೆಸರು ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸ್. ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟ ಹಗರಣದಲ್ಲಿ ಸಿಕ್ಕಿಬಿದ್ದಿದ್ದು ಯುಸಿಎಲ್‌ಎ, ಯುಎಸ್‌ಸಿ, ವಾಷಿಂಗ್ಟನ್, ಬರ್ಕ್ಲಿ. 1959ರಲ್ಲಿ ಕಾನ್ಫರೆನ್ಸ್ ಒಡೆಯಿತು. ಸಿಕ್ಕಿಬಿದ್ದವರೇ ಸ್ಟ್ಯಾನ್‌ಫರ್ಡನ್ನು ಸೇರಿಸಿಕೊಂಡು ಹೊಸ ಗುಂಪು ಕಟ್ಟಿದರು. ವಾಷಿಂಗ್ಟನ್ ಸ್ಟೇಟ್, ಒರೆಗಾನ್, ಒರೆಗಾನ್ ಸ್ಟೇಟ್, ಐಡಾಹೋ ಹೊರಗೆ ಉಳಿದವು. 1962ರಲ್ಲಿ ವಾಷಿಂಗ್ಟನ್ ಸ್ಟೇಟನ್ನು ಒಳಗೆ ಕರೆದರು. 1964ರಲ್ಲಿ ಒರೆಗಾನ್‌ನ ಎರಡನ್ನೂ. ಐಡಾಹೋವನ್ನು ಯಾರೂ ಕರೆಯಲಿಲ್ಲ.

ಆಮೇಲೆ ಐಡಾಹೋ ಅಲೆದ ದಾರಿ ನೋಡಿದರೆ ಸಾಕು. ಬಿಗ್ ಸ್ಕೈ, ಬಿಗ್ ವೆಸ್ಟ್, ಸನ್ ಬೆಲ್ಟ್, ಡಬ್ಲ್ಯೂಎಸಿ, ಒಂದು ವರ್ಷ ಯಾವ ಗುಂಪೂ ಇಲ್ಲದೆ, ಮತ್ತೆ ಸನ್ ಬೆಲ್ಟ್. ಸನ್ ಬೆಲ್ಟ್ ಇರುವುದು ದಕ್ಷಿಣದ ರಾಜ್ಯಗಳಲ್ಲಿ. ಗೋಧಿ ಗುಡ್ಡದ ಹುಡುಗರು ಲೂಸಿಯಾನಾ, ಜಾರ್ಜಿಯಾ ಕಡೆ ಹೋಗಿ ಆಡಬೇಕಿತ್ತು. ಕೊನೆಗೆ ಸಾಕಾಗಿ 2018ರಲ್ಲಿ ಫುಟ್‌ಬಾಲನ್ನು ಕೆಳಗಿನ ದರ್ಜೆಗೆ ತಾವಾಗಿಯೇ ಇಳಿಸಿಕೊಂಡು ಬಿಗ್ ಸ್ಕೈಗೆ ವಾಪಸ್ ಬಂದರು. ಹಾಗೆ ಇಳಿದ ಮೊದಲ ವಿಶ್ವವಿದ್ಯಾಲಯ ಅದು. ನಾಚಿಕೆಗೇಡು ಅಂತ ಬೈದವರಿದ್ದರು. ನನ್ನನ್ನು ಕೇಳಿದರೆ ಅವರು ಬುದ್ಧಿವಂತರು. ಈಗ ಅವರ ಎದುರಾಳಿಗಳು ಮೊಂಟಾನಾದಲ್ಲಿ, ಪೂರ್ವ ವಾಷಿಂಗ್ಟನ್‌ನಲ್ಲಿ, ಬಸ್ಸಿನಲ್ಲಿ ಹೋಗುವಷ್ಟು ಹತ್ತಿರ ಇದ್ದಾರೆ. ಆದರೆ ಅಲ್ಲಿಗೆ ತಲುಪಲು ಐದೂವರೆ ದಶಕಕ್ಕಿಂತ ಜಾಸ್ತಿ ಬೇಕಾಯಿತು. ನೀವು ಮಾಡಿದ್ದು ಹೊಸದೇನಲ್ಲ ಅಂತ ಹೇಳುವುದಕ್ಕೆ ಈ ಕಥೆ ಹೇಳಿದೆ. ಫಲಿತಾಂಶ ಹೇಗಿರುತ್ತದೆ ಅಂತ ನೋಡುವುದಕ್ಕೆ ನಿಮ್ಮ ಹಳೆಯ ಕಡತ ತೆಗೆದರೆ ಸಾಕಿತ್ತು.

ಈಗ ಪ್ರಯಾಣದ ವಿಷಯ. ಈ ಎಲ್ಲ ಬದಲಾವಣೆಗೆ ಕಾರಣ ಫುಟ್‌ಬಾಲ್. ಆದರೆ ಅತಿ ಕಡಿಮೆ ಓಡಾಡುವ ತಂಡವೂ ಅದೇ. ಸೀಸನ್‌ಗೆ 12 ಪಂದ್ಯ, ವಾರಕ್ಕೆ ಒಂದು, ಹೆಚ್ಚಾಗಿ ಶನಿವಾರ. ಬಿಗ್ ಟೆನ್‌ನ 9 ಪಂದ್ಯಗಳಲ್ಲಿ ಹೊರಗೆ ಹೋಗುವುದು ನಾಲ್ಕೋ ಐದೋ ಸಲ. ಅದೂ ಚಾರ್ಟರ್ ವಿಮಾನದಲ್ಲಿ. ಸಾಫ್ಟ್‌ಬಾಲ್‌ನವರು 50ಕ್ಕೂ ಜಾಸ್ತಿ ಪಂದ್ಯ ಆಡುತ್ತಾರೆ. ವಾಲಿಬಾಲ್‌ನವರಿಗೆ ವಾರಕ್ಕೆ ಎರಡು. ಸಿಯಾಟಲ್‌ನಿಂದ ನ್ಯೂಜೆರ್ಸಿಯ ರಟ್ಗರ್ಸ್‌ಗೆ ಸುಮಾರು 3,850 ಕಿಲೋಮೀಟರ್. ಬೆಂಗಳೂರಿನಿಂದ ಶ್ರೀನಗರಕ್ಕೆ ಹೋಗುವುದಕ್ಕಿಂತ ಎಷ್ಟೋ ದೂರ, ಮೂರು ಗಂಟೆಯ ಸಮಯ ವ್ಯತ್ಯಾಸ ಬೇರೆ. ಹತ್ತೊಂಬತ್ತು ವರ್ಷದ ಹುಡುಗಿ ಮರುದಿನ ಆರ್ಗ್ಯಾನಿಕ್ ಕೆಮಿಸ್ಟ್ರಿ ಲ್ಯಾಬ್‌ಗೆ ಹಾಜರಾಗಬೇಕು. ನಿಮ್ಮಲ್ಲಿ ಹಲವರದ್ದು ಹತ್ತು ವಾರದ ಕ್ವಾರ್ಟರ್ ಪದ್ಧತಿ. ಎರಡು ಕ್ಲಾಸ್ ತಪ್ಪಿದರೆ ಒಂದು ಅಧ್ಯಾಯವೇ ಹೋಯಿತು.

ಪೂರ್ವಕ್ಕೆ ಹೋದಾಗ ಎರಡು ಪಂದ್ಯ ಒಟ್ಟಿಗೆ ಮುಗಿಸಿಕೊಂಡು ಬರುವ ಹಾಗೆ ವೇಳಾಪಟ್ಟಿ ಹಾಕುತ್ತೇವೆ ಅಂತ ನಿಮ್ಮ ಹೊಸ ಕಾನ್ಫರೆನ್ಸ್‌ಗಳು ಹೇಳುತ್ತವೆ. ಹಾಕುತ್ತವೆ ಕೂಡ, ಒಪ್ಪಿಕೊಳ್ಳುತ್ತೇನೆ. ಆದರೆ ನಡುವಿನ ಮೂರು ದಿನ ಹೋಟೆಲಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವುದು ಓದಾಗುತ್ತದಾ? ಯುಸಿಎಲ್‌ಎ ಹೋಗುವುದಕ್ಕೆ 2022ರ ಡಿಸೆಂಬರ್‌ನಲ್ಲಿ ಅದರ ಆಡಳಿತ ಮಂಡಳಿಯವರಾದ ರೀಜೆಂಟರು ಒಪ್ಪಿಗೆ ಕೊಟ್ಟಾಗ ಆಟಗಾರರ ಊಟ, ಮಾನಸಿಕ ಆರೋಗ್ಯ, ಓದಿನ ನೆರವಿಗೆ ಜಾಸ್ತಿ ಹಣ ಹಾಕಬೇಕು ಅಂತ ಷರತ್ತು ಹಾಕಿದರು. ಅಂದರೆ ತೊಂದರೆ ಆಗುತ್ತದೆ ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು.

ಬೇರೆ ದಾರಿ ಇಲ್ಲವಾ? ಇದೆ. ನಿಮ್ಮ ಕ್ಯಾಂಪಸ್‌ಗಳಲ್ಲೇ ಇದೆ. ಯುಸಿಎಲ್‌ಎ, ಯುಎಸ್‌ಸಿ, ಸ್ಟ್ಯಾನ್‌ಫರ್ಡ್‌ನ ಪುರುಷರ ವಾಲಿಬಾಲ್ ತಂಡಗಳು ಮೌಂಟನ್ ಪೆಸಿಫಿಕ್ ಸ್ಪೋರ್ಟ್ಸ್ ಫೆಡರೇಶನ್ ಅನ್ನುವ ಬೇರೆಯೇ ಗುಂಪಿನಲ್ಲಿ ಆಡುತ್ತವೆ. ವಾಟರ್ ಪೋಲೋ ತಂಡಗಳೂ ಹಾಗೆಯೇ, ಬರ್ಕ್ಲಿಯೂ ಅದರಲ್ಲಿದೆ. ಬಿಗ್ ಟೆನ್ ಆಗಲಿ ಎಸಿಸಿ ಆಗಲಿ ಆ ಆಟಗಳನ್ನು ನಡೆಸುವುದಿಲ್ಲ, ಅದಕ್ಕೆ. ಹಾಗಾಗಿ 2024ರ ಆಚೆಗೂ ಅವರು ಹಳೆಯ ನೆರೆಹೊರೆಯವರ ಜೊತೆಗೇ ಆಡುತ್ತಿದ್ದಾರೆ. ಒಂದೇ ಕ್ಯಾಂಪಸ್, ಒಂದೇ ಜಿಮ್. ಗಂಡುಮಕ್ಕಳ ವಾಲಿಬಾಲ್ ಹತ್ತಿರದಲ್ಲಿ, ಹೆಣ್ಣುಮಕ್ಕಳ ವಾಲಿಬಾಲ್ ನ್ಯೂಜೆರ್ಸಿಯಲ್ಲಿ. ಇದಕ್ಕೆ ಏನು ತರ್ಕ ಹೇಳುತ್ತೀರಿ?

ನೋಟರ್ ಡೇಮ್ ಉದಾಹರಣೆ ಎಲ್ಲರಿಗೂ ಗೊತ್ತು. ಅವರ ಫುಟ್‌ಬಾಲ್ ಯಾವ ಕಾನ್ಫರೆನ್ಸಿಗೂ ಸೇರಿಲ್ಲ. ಉಳಿದ ಬಹುತೇಕ ಆಟಗಳು 2013ರಿಂದ ಎಸಿಸಿಯಲ್ಲಿವೆ. ಅಷ್ಟು ದೊಡ್ಡ ಹೆಸರು ಇದ್ದವರಿಗೆ ಮಾತ್ರ ಅದು ಸಾಧ್ಯ ಅನ್ನಬೇಡಿ. ಇಲಿನಾಯ್‌ನ ನಾರ್ದರ್ನ್ ಇಲಿನಾಯ್ ಕೂಡ 2026ರಿಂದ ಫುಟ್‌ಬಾಲನ್ನು ಮಾತ್ರ ಪಶ್ಚಿಮದ ಮೌಂಟನ್ ವೆಸ್ಟ್ ಕಾನ್ಫರೆನ್ಸ್‌ಗೆ ಕಳಿಸಿ, ಉಳಿದ ಆಟಗಳನ್ನು ಹತ್ತಿರದ ಹೊರೈಜನ್ ಲೀಗ್‌ಗೆ ಸೇರಿಸಲು ತೀರ್ಮಾನಿಸಿತು. ಅವರಿಗೆ ಹೊಳೆದದ್ದು ನಿಮಗೆ ಹೊಳೆಯಲಿಲ್ಲವೇ?

ನೀವು ಹಣದ ಲೆಕ್ಕ ಹೇಳುತ್ತೀರಿ. ಯುಸಿಎಲ್‌ಎ ಕ್ರೀಡಾ ವಿಭಾಗ ನೂರು ಮಿಲಿಯನ್ ಡಾಲರಿಗೂ ಜಾಸ್ತಿ ಕೊರತೆಯಲ್ಲಿತ್ತು, ಹೋಗದಿದ್ದರೆ ಕೆಲವು ಆಟಗಳನ್ನೇ ಮುಚ್ಚಬೇಕಿತ್ತು ಅನ್ನುವುದು ಒಂದು ವಾದ. ಸುಳ್ಳಲ್ಲ. ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ ಬಿಗ್ ಟೆನ್ ಮಾಡಿಕೊಂಡ ಏಳು ವರ್ಷದ ಒಪ್ಪಂದ 7 ಬಿಲಿಯನ್ ಡಾಲರಿಗೂ ಮೀರಿದ್ದು. ಅಂಥದ್ದನ್ನು ಬೇಡ ಅನ್ನುವುದು ಕಷ್ಟ. ಆದರೆ ಎಲ್ಲರಿಗೂ ಪೂರ್ತಿ ಪಾಲು ಸಿಗಲಿಲ್ಲ ಅಲ್ವಾ? ಒರೆಗಾನ್, ವಾಷಿಂಗ್ಟನ್ ಹೆಚ್ಚುಕಡಿಮೆ ಅರ್ಧ ಪಾಲಿಗೆ, ಅಂದರೆ ಸುಮಾರು 30 ಮಿಲಿಯನ್‌ಗೆ ಒಪ್ಪಿ ಹೋದವು. ಸ್ಟ್ಯಾನ್‌ಫರ್ಡ್, ಬರ್ಕ್ಲಿ ಮೊದಲ ಏಳು ವರ್ಷ ಶೇ 30ರಷ್ಟು ಪಾಲಿಗೆ ಒಪ್ಪಿದವು. ಅವರ ಜೊತೆ ಎಸಿಸಿಗೆ ಬಂದ ಡಲ್ಲಾಸ್‌ನ ಎಸ್‌ಎಂಯು ಒಂಬತ್ತು ವರ್ಷ ಟಿವಿ ಹಣವೇ ಬೇಡ ಅಂದಿತು. 30 ಮಿಲಿಯನ್ ಅನ್ನುವ ಅಂಕಿ ನೆನಪಿದೆಯಾ? 2022ರಲ್ಲಿ ಇಎಸ್‌ಪಿಎನ್ ಹೇಳಿದ್ದು ಅಂತ ವರದಿಯಾದದ್ದೂ ಅಷ್ಟೇ.

ನಾನು ಹಣ ಬಿಡಿ ಅನ್ನುತ್ತಿಲ್ಲ. ಟಿವಿಯವರು ಕೊಂಡುಕೊಂಡದ್ದು ನಿಮ್ಮ ಫುಟ್‌ಬಾಲನ್ನು, ಸ್ವಲ್ಪ ಮಟ್ಟಿಗೆ ಬಾಸ್ಕೆಟ್‌ಬಾಲನ್ನು. ಯಾವ ಚಾನೆಲ್ಲೂ ಟೆನಿಸ್ ತಂಡಕ್ಕಾಗಿ ಬಿಲಿಯನ್‌ಗಟ್ಟಲೆ ಕೊಡಲಿಲ್ಲ. ಟೆನಿಸ್‌ನವರು ಪಶ್ಚಿಮದಲ್ಲೇ ಆಡಿದರೆ ಅವರಿಗೇನು ನಷ್ಟ? ನಿಮಗಂತೂ ವಿಮಾನದ ಖರ್ಚು ಉಳಿಯುತ್ತದೆ. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿಯ ಪ್ರಕಾರ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷ ಒಂದೊಂದು ಕಾಲೇಜು ಒಟ್ಟು ಸುಮಾರು 20.5 ಮಿಲಿಯನ್ ಡಾಲರ್‌ವರೆಗೆ. ಆಟಗಾರರಿಗೆ ಹಣ ಸಿಗುವುದು ನ್ಯಾಯವೇ. ಆದರೆ ಆ ಹಣದ ಬಹುಪಾಲು ಹೋಗುವುದು ಫುಟ್‌ಬಾಲ್‌ಗೆ. ಸಣ್ಣ ಆಟಗಳ ಕುತ್ತಿಗೆ ಇನ್ನಷ್ಟು ಬಿಗಿಯಾಗುತ್ತದೆ. ಉಳಿಸಬಹುದಾದ ಕಡೆ ಉಳಿಸಿ ಅನ್ನುತ್ತಿದ್ದೇನೆ, ಅಷ್ಟೇ.

ಕುತ್ತಿಗೆ ಬಿಗಿಯಾದರೆ ಏನಾಗುತ್ತದೆ ಅನ್ನುವುದಕ್ಕೆ ಪುಲ್‌ಮನ್ ನೋಡಿ. 2025ರ ಜೂನ್‌ನಲ್ಲಿ ವಾಷಿಂಗ್ಟನ್ ಸ್ಟೇಟ್ ತನ್ನ ಅಥ್ಲೆಟಿಕ್ಸ್‌ನಲ್ಲಿ ಜಿಗಿತ, ಎಸೆತಗಳನ್ನು ನಿಲ್ಲಿಸಿತು. ಸ್ಪ್ರಿಂಟ್, ಹರ್ಡಲ್ಸ್ ಕಡಿಮೆ ಮಾಡಿತು. ದೂರದ ಓಟದ ಮೇಲೆ ಮಾತ್ರ ಗಮನ ಅಂತ ಹೇಳಿತು. ಕಾರಣ ಹಣ. ನಮ್ಮ ಮನೆಯವರೇ ಮಾಡಿದ್ದು, ಅದಕ್ಕೆ ಇನ್ನೂ ಜಾಸ್ತಿ ಸಂಕಟ. ಕೀನ್ಯಾದಿಂದ ಬಂದು ಇದೇ ಪುಲ್‌ಮನ್‌ನಲ್ಲಿ ಓದುತ್ತಿದ್ದ ಹೆನ್ರಿ ರೋನೋ 1978ರಲ್ಲಿ 81 ದಿನಗಳಲ್ಲಿ ನಾಲ್ಕು ವಿಶ್ವದಾಖಲೆ ಬರೆದರು. ಮೊದಲಿನ ಎರಡು ಎಲ್ಲಿ ಗೊತ್ತಾ? 5,000 ಮೀಟರ್ ಬರ್ಕ್ಲಿಯಲ್ಲಿ. 3,000 ಮೀಟರ್ ಸ್ಟೀಪಲ್‌ಚೇಸ್ ಸಿಯಾಟಲ್‌ನಲ್ಲಿ. ಅಂದರೆ ನಿಮ್ಮ ಊರುಗಳಲ್ಲಿ, ವಾರಾಂತ್ಯದಲ್ಲಿ ಹೋಗಿ ಬರುವ ನೆರೆಹೊರೆಯ ಕೂಟಗಳಲ್ಲಿ. ಪುಟ್ಟ ಊರಿನ ಹುಡುಗನಿಗೆ ಒಳ್ಳೆಯ ಪೈಪೋಟಿ ಹತ್ತಿರದಲ್ಲೇ ಸಿಗುತ್ತಿತ್ತು.

ಜಿಗಿತ ಅಂದಾಗ ನಮ್ಮ ದೇಶದವರೊಬ್ಬರ ನೆನಪಾಗುತ್ತದೆ. ದೆಹಲಿಯ ತೇಜಸ್ವಿನ್ ಶಂಕರ್ ಸ್ಕಾಲರ್‌ಶಿಪ್ ಮೇಲೆ ಕ್ಯಾನ್ಸಸ್ ಸ್ಟೇಟ್‌ಗೆ ಬಂದು 2018 ಮತ್ತು 2022ರಲ್ಲಿ ಅಮೆರಿಕದ ಕಾಲೇಜು ಹೈಜಂಪ್ ಚಾಂಪಿಯನ್ ಆದರು. ಅದೂ ಪುಲ್‌ಮನ್ ಥರದ್ದೇ ಗೋಧಿ ನಾಡಿನ ಕೃಷಿ ಕಾಲೇಜು. ಅಂಥ ಕಾಲೇಜುಗಳಲ್ಲಿ ಹೈಜಂಪ್ ಗುಂಡಿ ಒಂದೊಂದೇ ಮುಚ್ಚಿದರೆ ಭಾರತದ ಮುಂದಿನ ಹುಡುಗನಿಗೂ ಒಂದು ಬಾಗಿಲು ಕಡಿಮೆ. ಇಲ್ಲಿನ ನಮ್ಮ ಮನೆಗಳಲ್ಲಿ ಬೆಳಗಿನ ಜಾವ ಮಕ್ಕಳನ್ನು ಈಜಿಗೆ, ಟೆನಿಸ್‌ಗೆ ಕರೆದುಕೊಂಡು ಹೋಗುವ ಅಪ್ಪ ಅಮ್ಮಂದಿರಿಗೂ ಇದು ಸಂಬಂಧಪಟ್ಟ ವಿಷಯವೇ.

ನಮ್ಮ ಕಡೆಯವರು ಶುದ್ಧರೇನಲ್ಲ. ಉಳಿದ ಎರಡು ಸೇರಿ 2024ರ ಸೆಪ್ಟೆಂಬರ್‌ನಲ್ಲಿ ಬಾಯ್ಸಿ ಸ್ಟೇಟ್, ಸ್ಯಾನ್ ಡಿಯಾಗೋ ಸ್ಟೇಟ್, ಫ್ರೆಸ್ನೋ ಸ್ಟೇಟ್, ಕೊಲರಾಡೋ ಸ್ಟೇಟ್, ಆಮೇಲೆ ಯೂಟಾ ಸ್ಟೇಟ್ ಎಲ್ಲವನ್ನೂ ಮೌಂಟನ್ ವೆಸ್ಟ್‌ನಿಂದ ಎಳೆದುಕೊಂಡರು. ಅದೇ ಮೌಂಟನ್ ವೆಸ್ಟ್ ಆ ವರ್ಷ ನಮಗೆ ಆಡಲು ಎದುರಾಳಿಗಳನ್ನು ಕೊಟ್ಟು ಕೈ ಹಿಡಿದಿತ್ತು. ಐದು ಕಾಲೇಜುಗಳನ್ನು ಎಳೆದುಕೊಂಡಿದ್ದಕ್ಕೆ 55 ಮಿಲಿಯನ್ ಡಾಲರ್ ದಂಡ ಕೊಡಿ ಅಂದರೆ, ಕೊಡುವುದಿಲ್ಲ ಅಂತ ಕೋರ್ಟಿಗೆ ಹೋದರು. ನೋವು ತಿಂದವರೇ ಇನ್ನೊಬ್ಬರಿಗೆ ನೋವು ಕೊಟ್ಟರು. ಇದನ್ನು ಸಮರ್ಥಿಸುವ ಆಸೆ ನನಗಿಲ್ಲ. ಹೊಸ ಪ್ಯಾಕ್-12ರಲ್ಲಿ ಗೊಂಜಾಗಾ ಕೂಡ ಇದೆ. ಅದು ಇರುವುದು ಪುಲ್‌ಮನ್‌ನಿಂದ ಒಂದೂವರೆ ಗಂಟೆಯ ದಾರಿಯಲ್ಲಿ, ಅದಕ್ಕೆ ಫುಟ್‌ಬಾಲ್ ತಂಡವೇ ಇಲ್ಲ. ಆ ಒಂದು ಆಯ್ಕೆ ಮಾತ್ರ ನನಗೆ ನಿಜವಾಗಿ ಖುಷಿ ಕೊಟ್ಟಿತು.

ಇನ್ನೊಂದು ಕಡೆ ನೋಡಿ. ಯುಸಿಎಲ್‌ಎ ಮತ್ತು ಬರ್ಕ್ಲಿ ಎರಡಕ್ಕೂ ಒಂದೇ ರೀಜೆಂಟ್ ಮಂಡಳಿ. ಅಣ್ಣ ಹೋಗಿದ್ದರಿಂದ ತಮ್ಮನಿಗೆ ನಷ್ಟವಾಯಿತು ಅಂತ 2024ರಲ್ಲಿ ವರ್ಷಕ್ಕೆ 10 ಮಿಲಿಯನ್ ಡಾಲರ್ ಬರ್ಕ್ಲಿಗೆ ಕೊಡುವ ಹಾಗೆ ಆ ಮಂಡಳಿ ಯುಸಿಎಲ್‌ಎಗೆ ಹೇಳಿತು. ವಾಷಿಂಗ್ಟನ್, ಒರೆಗಾನ್ ರಾಜ್ಯಗಳಲ್ಲಿ ಪ್ರತಿ ವಿಶ್ವವಿದ್ಯಾಲಯಕ್ಕೂ ಬೇರೆ ಬೇರೆ ಮಂಡಳಿ. ಕೇಳುವವರೇ ಇರಲಿಲ್ಲ. ಆದರೆ ಎರಡೂ ಸರ್ಕಾರಿ ವಿಶ್ವವಿದ್ಯಾಲಯಗಳು, ಎರಡಕ್ಕೂ ಒಂದೇ ರಾಜ್ಯದ ತೆರಿಗೆ ಹಣ. ಶಾಸಕರು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಒರೆಗಾನ್ ಸ್ಟೇಟ್‌ನ ಅಧ್ಯಕ್ಷೆ ಜಯತಿ ಮೂರ್ತಿ ಅಲ್ಲಿಗೆ ಬರುವ ಮೊದಲು ಯುಸಿಎಲ್‌ಎ ಎಂಜಿನಿಯರಿಂಗ್ ವಿಭಾಗದ ಡೀನ್ ಆಗಿದ್ದವರು. ಯುಸಿಎಲ್‌ಎ ಹೊರಟ ಸುದ್ದಿ ಬಂದು ಕೆಲವೇ ತಿಂಗಳಿಗೆ ಕೊರ್ವಾಲಿಸ್‌ನಲ್ಲಿ ಕುರ್ಚಿ ಹಿಡಿದರು. ಅವರ ಅನುಭವ ಕೇಳುವುದಕ್ಕೆ ಯಾರಾದರೂ ಪುಣ್ಯಾತ್ಮರು ಒಂದು ಸಂದರ್ಶನ ಮಾಡಬೇಕು.

ಅದೇ ಒರೆಗಾನ್ ಸ್ಟೇಟ್‌ನ ಬೇಸ್‌ಬಾಲ್ ತಂಡದ ಬಗ್ಗೆ ಒಂದು ಮಾತು. 2006, 2007, 2018ರ ರಾಷ್ಟ್ರೀಯ ಚಾಂಪಿಯನ್ನರು. 2025ರಲ್ಲಿ ಯಾವ ಕಾನ್ಫರೆನ್ಸೂ ಇಲ್ಲದೆ ಆಡಿದರು. ಎದುರಾಳಿ ಎಲ್ಲಿ ಸಿಕ್ಕರೆ ಅಲ್ಲಿಗೆ ಹೋದರು. ಹಾಗೇ ಆಡಿಕೊಂಡು ಒಮಾಹಾದಲ್ಲಿ ನಡೆಯುವ ಕಾಲೇಜ್ ವರ್ಲ್ಡ್ ಸೀರೀಸ್ ತಲುಪಿದರು. ಅಂಥ ತಂಡದ ಜೊತೆ ಪ್ರತಿ ವರ್ಷ ಹತ್ತಿರದಲ್ಲೇ ಸರಣಿ ಆಡುವ ಅವಕಾಶವನ್ನು ನೀವೇ ಕೈಯಾರೆ ಬಿಟ್ಟಿರಿ.

ಹಾಗಾಗಿ ಎರಡು ಕೆಲಸ ಮಾಡಿ. ಮೊದಲನೆಯದಕ್ಕೆ ಯಾರ ಅನುಮತಿಯೂ ಬೇಡ. 2024ರಿಂದ ಇಲ್ಲಿವರೆಗೆ ನಿಮ್ಮ ಒಂದೊಂದು ತಂಡವೂ ಎಷ್ಟು ದೂರ ಪ್ರಯಾಣ ಮಾಡಿತು, ಎಷ್ಟು ಕ್ಲಾಸ್ ದಿನ ತಪ್ಪಿಸಿಕೊಂಡಿತು, ಎಷ್ಟು ಖರ್ಚಾಯಿತು, ಎಲ್ಲವನ್ನೂ ಮುಂದಿನ ಮಂಡಳಿ ಸಭೆಯಲ್ಲಿ ಸಾರ್ವಜನಿಕವಾಗಿ ಇಡಿ. ಫುಟ್‌ಬಾಲ್‌ನದ್ದು ಬೇರೆ, ಉಳಿದವರದ್ದು ಬೇರೆ. ಎಲ್ಲ ಸೇರಿಸಿ ಸರಾಸರಿ ತೆಗೆದು ಮುಚ್ಚಬೇಡಿ. ಎರಡನೆಯದು, ಫುಟ್‌ಬಾಲ್ ಬಿಟ್ಟು ಉಳಿದ ಆಟಗಳಿಗೆ ಪಶ್ಚಿಮದ ಒಂದು ಗುಂಪು ಕಟ್ಟುವ ಮಾತುಕತೆಯನ್ನು ಈಗಲೇ ಶುರುಮಾಡಿ. 2029ರಲ್ಲಿ ಟಿವಿಯವರು ಕಾಗದ ತಂದು ಮುಂದೆ ಇಟ್ಟಾಗ ನಿಮ್ಮ ಕೈಯಲ್ಲಿ ಒಂದು ಯೋಜನೆ ಇರಬೇಕು. ಬಾಸ್ಕೆಟ್‌ಬಾಲ್ ಯಾವ ಕಡೆ ಅಂತ ಜಗಳ ಆಗುತ್ತದೆ. ಆಗಲಿ. ಟೆನಿಸ್, ಸಾಕರ್, ವಾಲಿಬಾಲ್ ಬಗ್ಗೆ ಜಗಳಕ್ಕೆ ಕಾರಣವೇ ಇಲ್ಲ.

ಕೊನೆಗೆ ವಾಷಿಂಗ್ಟನ್ ವಿಶ್ವವಿದ್ಯಾಲಯದವರಿಗೆ ಮಾತ್ರ ಒಂದು ಸಣ್ಣ ಬೇಡಿಕೆ. ನಮ್ಮಿಬ್ಬರ ಆ್ಯಪಲ್ ಕಪ್ ಪಂದ್ಯದ ಒಪ್ಪಂದ 2028ರವರೆಗೆ ಇದೆ. ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ನಡೆಯುತ್ತಿದ್ದ ಪಂದ್ಯವನ್ನು ಸೆಪ್ಟೆಂಬರ್‌ಗೆ ತಳ್ಳಿದ್ದೀರಿ. 2024ರಲ್ಲಿ ನಾವು 24-19ರಿಂದ ಗೆದ್ದೆವು, ಅದನ್ನು ಇಲ್ಲಿ ಹೇಳದೆ ಇರಲಾಗಲಿಲ್ಲ. 2028ರ ನಂತರವೂ ಒಪ್ಪಂದ ಮುಂದುವರಿಸಿ, ಪಂದ್ಯವನ್ನು ನವೆಂಬರ್‌ಗೆ ವಾಪಸ್ ಕೊಡಿ. 1992ರಲ್ಲಿ ಪುಲ್‌ಮನ್‌ನಲ್ಲಿ ಹಿಮ ಸುರಿಯುವಾಗಲೇ 42-23ರಿಂದ ಸೋತಿರಿ ಅನ್ನುವ ಕಾರಣಕ್ಕೆ ಹಿಂದೇಟು ಹಾಕಬೇಡಿ. ಚಳಿಗೆ ಬೇಕಾದ ಕೋಟು ನಾವು ಕೊಡುತ್ತೇವೆ.

ಇಂತಿ ನಿಮ್ಮ,
ಪುಲ್‌ಮನ್‌ನಲ್ಲಿ ಓದಿ ಸಿಯಾಟಲ್‌ನಲ್ಲಿ ಕೆಲಸ ಮಾಡುವ ಒಬ್ಬ ಕನ್ನಡಿಗ